ಮಗಳು 125 ಸೆಂಟಿಮೀಟರ್ ದಾಟಿದ ಮೇಲೆ ಸಿಂಗಪುರ: ನಮ್ಮ ಪ್ರವಾಸದ ಪ್ಲಾನು, ಲೆಕ್ಕ

ಮೈಸೂರಿನಿಂದ ಸಿಂಗಪುರಕ್ಕೆ ನಾವು ನಾಲ್ಕು ಜನ ಹೋಗಿಬಂದೆವು. ನಾನು, ನನ್ನ ಗಂಡ, ಎರಡು ಮಕ್ಕಳು. 2025ರ ಏಪ್ರಿಲ್ ಕೊನೆ ವಾರ, ಐದು ರಾತ್ರಿ. ಒಟ್ಟು ಖರ್ಚು ಎರಡು ಲಕ್ಷ ನಲವತ್ತು ಸಾವಿರದ ಆಸುಪಾಸು. ಇದರಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಅನ್ನೋ ಥೀಮ್ ಪಾರ್ಕಿನ ಟಿಕೆಟ್ಟಿಗೆ ಹೋಗಿದ್ದು ಸುಮಾರು 19 ಸಾವಿರ. ಹತ್ತರಲ್ಲಿ ಒಂದು ಪಾಲೂ ಇಲ್ಲ. ಆದರೆ ಮಕ್ಕಳ ಮಟ್ಟಿಗೆ ಇಡೀ ಪ್ರವಾಸ ಅಂದರೆ ಆ ಒಂದು ದಿನ. ಹಾಗಾಗಿ ನಾನು ಪ್ಲಾನನ್ನು ಆ ದಿನದಿಂದಲೇ ಶುರು ಮಾಡಿದೆ. ವಿಮಾನ, ರೂಮು, ಊಟ ಎಲ್ಲ ಆಮೇಲೆ ಅದರ ಸುತ್ತ ಕೂತವು.

ಸಿಂಗಪುರವೇ ಯಾಕೆ ಅಂತ ಕೇಳ್ತಾರೆ. ಹಾಂಗ್‌ಕಾಂಗ್ ಡಿಸ್ನಿಲ್ಯಾಂಡನ್ನೂ ನೋಡಿದ್ದೆ. ಅಲ್ಲಿಗೆ ಭಾರತದವರಿಗೆ ವೀಸಾ ಬೇಡ, ಆನ್‌ಲೈನ್‌ನಲ್ಲಿ ಮೊದಲೇ ನೋಂದಣಿ ಮಾಡಿಕೊಂಡರೆ ಸಾಕು. ಟೋಕಿಯೋ ಡಿಸ್ನಿಲ್ಯಾಂಡ್ ಮಗಳ ಆಸೆ. ಆದರೆ ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ ಹಾರಾಟ, ಅಷ್ಟೇ. ಹವೆ ನಮ್ಮ ಮಂಗಳೂರಿನ ಹಾಗೆ. ಸಸ್ಯಾಹಾರಿಗಳಿಗೆ ಊಟದ ಚಿಂತೆ ಇಲ್ಲ. ಮೊದಲ ಸಲ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗುವವರಿಗೆ ಇದು ಸಲೀಸು.

ನಮ್ಮ ಅತ್ತೆಯವರದ್ದು ಬೇರೆಯೇ ಪ್ರಶ್ನೆ. "ಅಷ್ಟು ದುಡ್ಡು ಸುರಿದು ತೊಟ್ಟಿಲು ಹತ್ತೋಕೆ ಅಲ್ಲಿಗೆ ಹೋಗ್ಬೇಕಾ? ದಸರಾ ಎಕ್ಸಿಬಿಷನ್‌ನಲ್ಲಿ ಇಲ್ವಾ?" ಅಂದರು. ಉತ್ತರ ಕೊಡೋದು ಕಷ್ಟವೇ. ಆಮೇಲೆ ಅವರೇ ಚಟ್ನಿಪುಡಿ, ಕೋಡುಬಳೆ ಮಾಡಿ ಡಬ್ಬಿಗೆ ತುಂಬಿಕೊಟ್ಟರು.

ಮೊದಲು ನೋಡಿದ್ದು ಮಕ್ಕಳ ಎತ್ತರ. ಆ ಪಾರ್ಕಿನಲ್ಲಿ ಪ್ರತಿ ದೊಡ್ಡ ರೈಡ್‌ಗೂ ಕನಿಷ್ಠ ಎತ್ತರ ಇದೆ. ಟ್ರಾನ್ಸ್‌ಫಾರ್ಮರ್ಸ್‌ಗೆ 102 ಸೆಂಟಿಮೀಟರ್, ಮಮ್ಮಿ ರೋಲರ್ ಕೋಸ್ಟರ್‌ಗೆ 122, ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಜೋಡಿ ಕೋಸ್ಟರ್‌ಗೆ 125. ನಮ್ಮ ಮನೆಯ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಮಕ್ಕಳ ಎತ್ತರದ ಪೆನ್ಸಿಲ್ ಗೆರೆಗಳಿವೆ. ತಲೆ ಮೇಲೆ ಸ್ಕೇಲ್ ಇಟ್ಟು ಎಳೆದದ್ದು. 2024ರ ದಸರಾಕ್ಕೇ ಹೋಗೋಣ ಅಂತಿದ್ದೆವು. ಆಗ ಮಗಳ ಗೆರೆ 121ರ ಹತ್ತಿರ ಇತ್ತು. ಅವಳು ಕಾಯುತ್ತಿದ್ದ ಎರಡು ರೈಡ್‌ಗೂ ಬಾಗಿಲಲ್ಲೇ ತಡೀತಿದ್ದರು. ಅಲ್ಲಿಯ ಸಿಬ್ಬಂದಿ ಅಳತೆ ಕೋಲು ಹಿಡಿದೇ ನಿಂತಿರುತ್ತಾರೆ, ಅರ್ಧ ಸೆಂಟಿಮೀಟರ್ ಅಂತ ಬಿಡುವವರಲ್ಲ. ಪ್ರವಾಸ ಏಪ್ರಿಲ್‌ಗೆ ಹೋಯಿತು. ಆ ಹೊತ್ತಿಗೆ ಅವಳು 125 ದಾಟಿದ್ದಳು. ಮಗನಿಗೆ ಐದು ವರ್ಷ, ಅವನಿಗೆ 102 ಸಾಕಾಗಿತ್ತು.

ತಡವಾಗಿದ್ದರಿಂದ ದುಡ್ಡು ಕೂಡಿಸೋಕೂ ಸಮಯ ಸಿಕ್ಕಿತು. ತಿಂಗಳಿಗೆ 12 ಸಾವಿರದ ಹಾಗೆ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿದೆವು. ಚೀಟಿ ಹಾಕೋಣ ಅಂದವರೂ ಇದ್ದರು. ಚೀಟಿ ಯಾವಾಗ ಕೈಗೆ ಬರುತ್ತೋ ಹೇಳೋಕಾಗಲ್ಲ, ವಿಮಾನದ ಟಿಕೆಟ್ಟಿಗೆ ದಿನ ನಿಗದಿ ಇರುತ್ತೆ. ಆರ್‌ಡಿಯೇ ವಾಸಿ.

ಏಪ್ರಿಲ್ ಕೊನೆ ವಾರ ಆರಿಸಿದ್ದಕ್ಕೂ ಕಾರಣ ಇದೆ. ನಮ್ಮ ಕಡೆ ಬೇಸಿಗೆ ರಜೆ ಏಪ್ರಿಲ್-ಮೇ. ಸಿಂಗಪುರದ ಶಾಲೆಗಳಿಗೆ ವರ್ಷದ ನಡುವಿನ ರಜೆ ಜೂನ್‌ನಲ್ಲಿ. ನಮ್ಮ ಮಕ್ಕಳಿಗೆ ರಜೆ, ಅಲ್ಲಿನ ಮಕ್ಕಳಿಗೆ ಶಾಲೆ. ಇಂಥ ಅನುಕೂಲ ನಮಗೆ ಬೇರೆ ಕಡೆ ಸಿಗೋದು ಕಡಿಮೆ. ಮೇ 1 ಬಂತು ಅಂದರೆ ಅಲ್ಲಿ ರಜೆ, ಚೀನಾದಿಂದ, ಜಪಾನಿನಿಂದಲೂ ಜನ ಬರುತ್ತಾರೆ. ಅದಕ್ಕೆ ಮುಂಚಿನ ಮಂಗಳವಾರ ಪಾರ್ಕಿಗೆ ಇಟ್ಟುಕೊಂಡೆ.

ಹೋಗುವ ಮುಂಚೆ ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ಒಂದು ದಿನ ಕಳೆದೆವು. ಮೋಜಿನ ಜೊತೆ ನನಗೆ ಅದು ಪರೀಕ್ಷೆಯೂ ಹೌದು. ಕ್ಯೂನಲ್ಲಿ ಮಗ ಎಷ್ಟು ಹೊತ್ತು ನಿಲ್ತಾನೆ, ಮಗಳಿಗೆ ನಿಜವಾಗ್ಲೂ ಧೈರ್ಯ ಇದೆಯಾ, ಯಾರಿಗೆ ತಲೆ ಸುತ್ತುತ್ತೆ, ಎಲ್ಲ ಅಲ್ಲೇ ಗೊತ್ತಾಯಿತು. ಮಧ್ಯಾಹ್ನ ಎರಡು ಗಂಟೆಗೆ ಮಗ ನೆಲದ ಮೇಲೆ ಕೂತುಬಿಟ್ಟ. ತಲೆ ಸುತ್ತಿದ್ದು ನನ್ನ ಗಂಡನಿಗೆ. ಈ ಎರಡು ವಿಷಯ ಗೊತ್ತಿದ್ದರಿಂದ ಸಿಂಗಪುರದಲ್ಲಿ ತುಂಬ ದುಡ್ಡು ಉಳಿಯಿತು. ಹೇಗೆ ಅಂತ ಮುಂದೆ ಹೇಳ್ತೀನಿ.

ಇನ್ನು ಕಾಗದಪತ್ರ. ಮೈಸೂರಿನವರು ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಾಗಿಲ್ಲ, ಮೇಟಗಳ್ಳಿ ಅಂಚೆ ಕಚೇರಿಯಲ್ಲೇ 2017ರಿಂದ ಕೇಂದ್ರ ಇದೆ. ಮಕ್ಕಳ ಪಾಸ್‌ಪೋರ್ಟಿಗೆ 1,000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಹತ್ತು ಪರ್ಸೆಂಟ್ ಕಡಿಮೆ. ಅಪ್ಪ ಅಮ್ಮ ಇಬ್ಬರ ಸಹಿ ಇರುವ ಅನೆಕ್ಷರ್ ಡಿ ಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯುಸ್ಸು. ತೀರಾ ಚಿಕ್ಕವರಿದ್ದಾಗ ಮಾಡಿಸಿಟ್ಟುಕೊಂಡರೆ ಸುಮ್ನೆ ಅವಧಿ ಮುಗಿದುಹೋಗುತ್ತೆ. ದೊಡ್ಡವರು ತಮ್ಮದು ಆರು ತಿಂಗಳಾದರೂ ಬಾಕಿ ಇದೆಯಾ ನೋಡಿಕೊಳ್ಳಬೇಕು.

ಸಿಂಗಪುರ ವೀಸಾ ಅರ್ಜಿಯನ್ನು ಅಧಿಕೃತ ಏಜೆಂಟರ ಮೂಲಕ ಹಾಕಿದೆವು. ಅಲ್ಲಿನ ಸರ್ಕಾರದ ಶುಲ್ಕ ಒಬ್ಬರಿಗೆ 30 ಸಿಂಗಪುರ ಡಾಲರ್. ಆಗ ಒಂದು ಡಾಲರಿಗೆ ಸುಮಾರು 65 ರೂಪಾಯಿ. ಏಜೆಂಟರ ಕಮಿಷನ್ ಒಬ್ಬೊಬ್ಬರದು ಒಂದೊಂದು, ಮೂರು ಕಡೆ ಕೇಳಿ ನೋಡಿ. ಬಿಳಿ ಹಿನ್ನೆಲೆಯ ಫೋಟೋ, 35ಕ್ಕೆ 45 ಮಿಲಿಮೀಟರ್ ಇರಬೇಕು. ನಮ್ಮ ಸ್ಟುಡಿಯೋದವರಿಗೆ ಈ ಅಳತೆ ಹೇಳಿ ತೆಗೆಸಿದೆ. ವೀಸಾ ಬಂದ ಮೇಲೆ ಇನ್ನೊಂದಿದೆ, ಎಸ್‌ಜಿ ಅರೈವಲ್ ಕಾರ್ಡ್. ಇಳಿಯುವ ದಿನ ಸೇರಿ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಪೂರ್ತಿ ಉಚಿತ. ಅದೇ ಥರ ಕಾಣುವ ವೆಬ್‌ಸೈಟ್‌ಗಳು ಇದಕ್ಕೂ ದುಡ್ಡು ಕೀಳುತ್ತವೆ. ಸಿಂಗಪುರ ವಲಸೆ ಇಲಾಖೆಯ ಸೈಟಿನಲ್ಲೇ ತುಂಬಿ.

ಪ್ಯಾಕೇಜ್ ತಗೊಳ್ಳೋದಾ, ನಾವೇ ಮಾಡಿಕೊಳ್ಳೋದಾ? ಒಬ್ಬ ಏಜೆಂಟರು ಎರಡು ಲಕ್ಷ ತೊಂಬತ್ತು ಸಾವಿರ ಅಂದರು. ಅದರ ಮೇಲೆ ಆಗ ಐದು ಪರ್ಸೆಂಟ್ ಟಿಸಿಎಸ್ (ಪ್ಯಾಕೇಜ್ ಕೊಳ್ಳುವಾಗಲೇ ಮುಂಗಡ ಹಿಡಿಯುವ ತೆರಿಗೆ), ಅಂದರೆ 14,500. ಈ ಟಿಸಿಎಸ್ ಆದಾಯ ತೆರಿಗೆಗೆ ಜಮಾ ಆಗುತ್ತೆ, ರಿಟರ್ನ್ ಹಾಕಿದಾಗ ಹೊಂದಿಸಿಕೊಳ್ಳಬಹುದು. ಆದರೆ ಅಲ್ಲಿಯ ತನಕ ಆ ದುಡ್ಡು ನಮ್ಮ ಕೈಯಲ್ಲಿರಲ್ಲ. ದರ ಬಜೆಟ್ಟಿಂದ ಬಜೆಟ್ಟಿಗೆ ಬದಲಾಗುತ್ತೆ, ನೀವು ಹೋಗುವ ವರ್ಷದ್ದು ನೋಡಿಕೊಳ್ಳಿ. ನನಗೆ ದುಡ್ಡಿಗಿಂತ ಅವರ ದಿನಚರಿ ಸರಿಬರಲಿಲ್ಲ. ರಾತ್ರಿ ವಿಮಾನ ಹತ್ತಿ, ಬೆಳಿಗ್ಗೆ ಇಳಿದು, ಅವತ್ತೇ ಸಿಟಿ ಟೂರ್, ಮಾರನೇ ದಿನ ಬೆಳಿಗ್ಗೆ ಏಳಕ್ಕೆ ವ್ಯಾನ್. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅವರ ಏಳು ಗಂಟೆ ನಮ್ಮ ಮಕ್ಕಳ ನಿದ್ದೆಗೆ ನಾಲ್ಕೂವರೆ. ಅಂಥ ಮಗುವನ್ನು ಪಾರ್ಕಿಗೆ ಕರ್ಕೊಂಡು ಹೋದರೆ ಟಿಕೆಟ್ ದುಡ್ಡು ನೀರಿಗೆ ಹೋದ ಹಾಗೆ. ನಾವು ಎರಡು ಪೂರ್ತಿ ದಿನ ಕಳೆದ ಮೇಲೆ ಪಾರ್ಕ್ ಇಟ್ಟುಕೊಂಡೆವು.

ವಿಮಾನಕ್ಕೆ ಲಗೇಜ್, ಸೀಟು ಎಲ್ಲ ಸೇರಿ ನಾಲ್ವರಿಗೆ 92 ಸಾವಿರ ಆಯಿತು. ಟಿಕೆಟ್ ಹೋಲಿಸುವಾಗ ಲಗೇಜ್ ಸೇರಿಸಿಯೇ ಹೋಲಿಸಿ, ಅಗ್ಗ ಅಂತ ಕಂಡಿದ್ದು ಎಷ್ಟೋ ಸಲ ಅಗ್ಗ ಇರಲ್ಲ. ಮೈಸೂರಿನಿಂದ ಕೆಎಸ್‌ಆರ್‌ಟಿಸಿ ಫ್ಲೈ ಬಸ್ ನೇರ ಏರ್‌ಪೋರ್ಟಿಗೆ ಬಿಡುತ್ತೆ, ಟ್ಯಾಕ್ಸಿಗಿಂತ ಎಷ್ಟೋ ಕಡಿಮೆ.

ರೂಮಿನ ವಿಷಯಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಂಡೆ. ಸಿಂಗಪುರದಲ್ಲಿ ರೂಮುಗಳು ಚಿಕ್ಕವು, ಎಷ್ಟೋ ಹೋಟೆಲ್‌ನವರು ಒಂದು ರೂಮಿಗೆ ಮೂರು ಜನಕ್ಕಿಂತ ಜಾಸ್ತಿ ಬಿಡಲ್ಲ. "ಮಕ್ಕಳು ತಾನೇ, ಅಡ್ಜಸ್ಟ್ ಮಾಡ್ಕೋತೀವಿ" ಅಂದರೆ ನಡೆಯಲ್ಲ. ಹುಡುಕುವಾಗಲೇ ನಾಲ್ಕು ಜನ ಅಂತ ಹಾಕಿ, ಮಕ್ಕಳ ವಯಸ್ಸು ತುಂಬಿ. ನಮಗೆ ಲಿಟಲ್ ಇಂಡಿಯಾದಲ್ಲಿ ದಿನಕ್ಕೆ 165 ಡಾಲರಿನ ರೂಮ್ ಸಿಕ್ಕಿತು. ಐದು ರಾತ್ರಿಗೆ ಸುಮಾರು 54 ಸಾವಿರ. ಸೆಂಟೋಸಾ ದ್ವೀಪದಲ್ಲೇ, ಪಾರ್ಕಿನ ಪಕ್ಕದಲ್ಲೇ ಹೋಟೆಲ್‌ಗಳಿವೆ. ನೋಡೋಕೆ ಚೆಂದ, ದರ ನಮ್ಮ ಕೈಗೆಟುಕಲ್ಲ. ಸೆಂಟೋಸಾಗೆ ಹೋಗೋಕೆ ಇಳಿಯಬೇಕಾದ ನಿಲ್ದಾಣ ಹಾರ್ಬರ್‌ಫ್ರಂಟ್. ಲಿಟಲ್ ಇಂಡಿಯಾದಿಂದ ಅಲ್ಲಿಗೆ ಒಂದೇ ಮೆಟ್ರೋ ಲೈನ್, ನೇರಳೆ ಬಣ್ಣದ್ದು, ಗಾಡಿ ಬದಲಾಯಿಸಬೇಕಿಲ್ಲ. ಮೆಟ್ರೋಗೆ ಬೇರೆ ಟಿಕೆಟ್ ಯಾಕೆ, ಬ್ಯಾಂಕ್ ಕಾರ್ಡ್ ತಟ್ಟಿದರೆ ಗೇಟ್ ತೆಗೆಯುತ್ತೆ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು ಅಷ್ಟೇ.

ಊಟ ಅಲ್ಲೇ ಸುತ್ತಮುತ್ತ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ, ನಮ್ಮ ಎಂಟಿಆರ್ ಕೂಡ ಇದೆ. ಪರದೇಶದಲ್ಲಿ ರವೆ ಇಡ್ಲಿ ತಿಂದಿದ್ದಕ್ಕೆ ಗಂಡ ನಕ್ಕರು, ಆದರೆ ಮಗ ಹೊಟ್ಟೆ ತುಂಬ ತಿಂದ. ದೊಡ್ಡ ರೆಸ್ಟೋರೆಂಟ್‌ಗಳ ಮೆನುವಿನಲ್ಲಿ ಬೆಲೆ ಪಕ್ಕ ಎರಡು ಪ್ಲಸ್ ಚಿಹ್ನೆ ಇದ್ದರೆ ಅದರ ಮೇಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್, ಒಂಬತ್ತು ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ. ಹಾಕರ್ ಸೆಂಟರ್ ಅಂತ ಸಣ್ಣ ಸಣ್ಣ ಊಟದ ಮಳಿಗೆಗಳು ಒಟ್ಟಿಗೆ ಇರುವ ಜಾಗಗಳಲ್ಲಿ ಈ ಸರ್ವಿಸ್ ಚಾರ್ಜಿನ ಗೋಜಿಲ್ಲ. ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಂಡು ಓಡಾಡಿದೆವು. ಊಟಕ್ಕೆ ಒಟ್ಟು 22 ಸಾವಿರ.

ದುಡ್ಡು ಅರ್ಧ ಫಾರೆಕ್ಸ್ ಕಾರ್ಡಿಗೆ (ವಿದೇಶಿ ಹಣ ತುಂಬಿಸಿಕೊಳ್ಳುವ ಕಾರ್ಡು) ಹಾಕಿಸಿದೆವು, ಸ್ವಲ್ಪ ನೋಟು. ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಖರ್ಚಿಗೆ ಮೂರೂವರೆ ಪರ್ಸೆಂಟ್‌ವರೆಗೂ ಮಾರ್ಕಪ್, ಅದರ ಮೇಲೆ ಜಿಎಸ್‌ಟಿ. ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಮಿಷಿನ್ ರೂಪಾಯಿನಾ, ಡಾಲರಾ ಅಂತ ಕೇಳಿದರೆ ಡಾಲರ್ ಒತ್ತಿ. ರೂಪಾಯಿ ಅಂದರೆ ಅವರ ದರದಲ್ಲಿ ಲೆಕ್ಕ ಹಾಕುತ್ತಾರೆ, ನಷ್ಟ ನಮಗೆ.

ಈಗ ಪಾರ್ಕಿನ ದಿನ. ಟಿಕೆಟ್ ಆಗ ದೊಡ್ಡವರಿಗೆ 83 ಡಾಲರ್, ನಾಲ್ಕರಿಂದ ಹನ್ನೆರಡು ವರ್ಷದವರಿಗೆ 62. ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಬೇರೆ, ಅದರ ಬೆಲೆ ದಿನದಿನಕ್ಕೂ ಬದಲಾಗುತ್ತೆ. ನಾವು ತಗೊಳ್ಳಲಿಲ್ಲ. ವಂಡರ್‌ಲಾ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು. ರೋಲರ್ ಕೋಸ್ಟರ್ ಹತ್ತುವವರು ನಾನು, ಮಗಳು ಇಬ್ಬರೇ. ಗಂಡನಿಗೆ ತಲೆ ಸುತ್ತು, ಮಗನಿಗೆ ಎತ್ತರ ಸಾಲದು. ನಾಲ್ಕು ಪಾಸ್ ಕೊಂಡು ಏನು ಮಾಡೋದು? ವಾರದ ಮಧ್ಯೆ, ಅಲ್ಲಿ ಶಾಲೆ ಇರುವಾಗ ಕ್ಯೂ ತಡೆಯುವಷ್ಟೇ ಇತ್ತು. ಶನಿವಾರ, ಭಾನುವಾರ ಅಥವಾ ಜೂನ್‌ನಲ್ಲಿ ಹೋಗುವವರು ಬೇರೆ ಥರ ಯೋಚಿಸಬೇಕಾಗಬಹುದು.

ಸೆಂಟೋಸಾಗೆ ಹಾರ್ಬರ್‌ಫ್ರಂಟ್ ನಿಲ್ದಾಣದ ವಿವೋಸಿಟಿ ಮಾಲ್‌ನಿಂದ ಮೋನೋರೈಲ್ ಇದೆ, ಒಬ್ಬರಿಗೆ 4 ಡಾಲರ್. ಪಕ್ಕದಲ್ಲೇ ಬೋರ್ಡ್‌ವಾಕ್, ನಡೆದು ಹೋದರೆ ಉಚಿತ. ವಾಪಸ್ ಬರುವಾಗ ಮೋನೋರೈಲಿಗೆ ದುಡ್ಡಿಲ್ಲ. ಬೆಳಿಗ್ಗೆ ಕಾಲಲ್ಲಿ ಶಕ್ತಿ ಇದ್ದಾಗ ನಡೆದೆವು, ಸಂಜೆ ರೈಲು ಹತ್ತಿದೆವು.

ಏಪ್ರಿಲ್, ಮೇನಲ್ಲಿ ಸಿಂಗಪುರದಲ್ಲಿ ಮಧ್ಯಾಹ್ನ ಮೇಲೆ ಗುಡುಗು ಮಳೆ ಜಾಸ್ತಿ. ಮಿಂಚು ಶುರುವಾದರೆ ಬಯಲಿನ ರೈಡ್‌ಗಳನ್ನೆಲ್ಲ ನಿಲ್ಲಿಸುತ್ತಾರೆ. ಹಾಗಾಗಿ ಬೆಳಿಗ್ಗೆ ಮೊದಲು ಬ್ಯಾಟಲ್‌ಸ್ಟಾರ್, ಆಮೇಲೆ ನೀರಿನ ರೈಡ್. ಟ್ರಾನ್ಸ್‌ಫಾರ್ಮರ್ಸ್, ಮಮ್ಮಿ ಎರಡೂ ಒಳಾಂಗಣದವು, ಮಧ್ಯಾಹ್ನಕ್ಕೆ ಬಿಟ್ಟೆವು. ಎರಡೂವರೆ ಹೊತ್ತಿಗೆ ಮಳೆ ಸುರಿಯಿತು. ಜನ ಅಂಗಡಿ ಬಾಗಿಲಲ್ಲಿ ಒತ್ತಿಕೊಂಡು ನಿಂತಿದ್ದರು. ನಾವು ಮೈಸೂರಿನಿಂದ ತಂದ ರೇನ್‌ಕೋಟ್ ಹಾಕಿಕೊಂಡು ಟ್ರಾನ್ಸ್‌ಫಾರ್ಮರ್ಸ್ ಕ್ಯೂಗೆ ಹೋದೆವು. ನೀರಿನ ರೈಡ್‌ಗೂ ಅವೇ ರೇನ್‌ಕೋಟ್ ಆಗಿತ್ತು, ಅಲ್ಲಿ ಕೊಂಡರೆ ದುಬಾರಿ.

ಬ್ಯಾಟಲ್‌ಸ್ಟಾರ್‌ನಲ್ಲಿ ಎರಡು ಹಳಿ. ಕೆಂಪಿನದರಲ್ಲಿ ಕೂತು ಹೋಗೋದು, ತಲೆಕೆಳಗಾಗಲ್ಲ. ನೀಲಿಯದರಲ್ಲಿ ಕಾಲು ಗಾಳಿಯಲ್ಲಿ ತೂಗಾಡುತ್ತೆ, ಪಲ್ಟಿಯೂ ಹೊಡೆಸುತ್ತೆ. ಅಳತೆ ಕೋಲಿನ ಕೆಳಗೆ ಮಗಳು ಉಸಿರು ಬಿಗಿಹಿಡಿದು ನಿಂತಳು. ಸಿಬ್ಬಂದಿ ಹುಡುಗಿ ಕೋಲು ಇಳಿಸಿ, ಕೂದಲಿನ ಜುಟ್ಟನ್ನು ಕೈಯಲ್ಲಿ ಒತ್ತಿ ನೋಡಿ, ಹೋಗು ಅಂತ ತಲೆಯಾಡಿಸಿದಳು. ಕೆಂಪಿನದು ಎರಡು ಸಲ ಹತ್ತಿದೆವು. "ಅಮ್ಮಾ, ನೀಲಿದು ನೀನೊಬ್ಬಳೇ ಹೋಗು" ಅಂದಳು. ನಾನೂ ಹೋಗಲಿಲ್ಲ.

ಆ ಹೊತ್ತಿಗೆ ಗಂಡ, ಮಗ ಮಿನಿಯನ್ ಲ್ಯಾಂಡ್‌ನಲ್ಲಿದ್ದರು. ಅದು ಆ ವರ್ಷ ಫೆಬ್ರವರಿಯಲ್ಲಷ್ಟೇ ತೆರೆದಿದ್ದು. ಮಧ್ಯಾಹ್ನ ಎರಡಕ್ಕೆ ಮಗನ ಶಕ್ತಿ ಮುಗಿಯುತ್ತೆ ಅಂತ ಗೊತ್ತಿತ್ತಲ್ಲ, ಸರಿಯಾಗಿ ಆ ಹೊತ್ತಿಗೆ ಎಸಿ ಇರುವ ಜಾಗದಲ್ಲಿ ಊಟಕ್ಕೆ ಕೂತೆವು. ಅಪ್ಪನ ತೊಡೆ ಮೇಲೆ ಅರ್ಧ ಗಂಟೆ ಮಲಗಿದ. ಎದ್ದ ಮೇಲೆ ಪಾರ್ಕ್ ಮುಚ್ಚುವ ತನಕ ಓಡಿದ. ನಮ್ಮ ಇಡೀ ಪ್ಲಾನಿನಲ್ಲಿ ಆ ಅರ್ಧ ಗಂಟೆಯಷ್ಟು ಬೆಲೆ ಬಾಳಿದ್ದು ಇನ್ನೊಂದಿಲ್ಲ.

ಆಟಿಕೆ ಅಂಗಡಿಗಳ ವಿಷಯ ಮೊದಲೇ ಇತ್ಯರ್ಥ ಆಗಿತ್ತು. ಒಬ್ಬೊಬ್ಬರಿಗೆ 25 ಡಾಲರಿನಷ್ಟು ನೋಟು ಅವರವರ ಕೈಗೇ ಕೊಟ್ಟಿದ್ದೆ. ಸ್ವಂತ ದುಡ್ಡು ಅಂದ ಕೂಡಲೇ ಮಗಳು ಬೆಲೆ ಚೀಟಿ ತಿರುವಿ ತಿರುವಿ ನೋಡತೊಡಗಿದಳು. ಮಗ ಮೊದಲ ಅಂಗಡಿಯಲ್ಲೇ ಖಾಲಿ ಮಾಡಿದ.

ಮಿಕ್ಕ ದಿನಗಳಲ್ಲಿ ದುಡ್ಡು ಕೊಟ್ಟು ನೋಡಿದ್ದರಲ್ಲಿ ದೊಡ್ಡದು ನೈಟ್ ಸಫಾರಿ ಒಂದೇ. ಮೈಸೂರಿನವರು ಹಗಲಿನ ಜೂಗೆ ಅಲ್ಲಿ ದುಡ್ಡು ಕೊಡೋದು ನನಗೆ ಒಪ್ಪಿಗೆಯಾಗಲಿಲ್ಲ. ಗಾರ್ಡನ್ಸ್ ಬೈ ದ ಬೇಯಲ್ಲಿ ಸಂಜೆ ಮರಗಳ ದೀಪದ ಆಟ ಉಚಿತ, ಮಕ್ಕಳ ನೀರಾಟದ ಜಾಗವೂ ಉಚಿತ. ಚಾಂಗಿ ಏರ್‌ಪೋರ್ಟಿನ ಜ್ಯುವೆಲ್‌ನಲ್ಲಿ ನಲವತ್ತು ಮೀಟರ್ ಎತ್ತರದ ಜಲಪಾತ, ಅದಕ್ಕೂ ಟಿಕೆಟ್ ಇಲ್ಲ. ವಾಪಸ್ ಬರುವ ದಿನ ಮೂರು ಗಂಟೆ ಮುಂಚೆ ಹೋಗಿ ಅಲ್ಲೇ ಕೂತೆವು.

ವೀಸಾ, ಪ್ರಯಾಣ ವಿಮೆ ಸೇರಿ ಹದಿಮೂರೂವರೆ ಸಾವಿರ. ನೈಟ್ ಸಫಾರಿ ಮತ್ತಿತರ ಟಿಕೆಟ್ 14 ಸಾವಿರ. ಫ್ಲೈ ಬಸ್, ಮೆಟ್ರೋ, ಟ್ಯಾಕ್ಸಿ ಎಲ್ಲ 12 ಸಾವಿರ. ಸಿಮ್, ಆಟಿಕೆ, ನೆಂಟರಿಗೆ ಚಾಕೊಲೇಟು ಅಂತ 13 ಸಾವಿರ. ವಿಮೆಯನ್ನು ಮಾತ್ರ ಉಳಿತಾಯದ ಪಟ್ಟಿಗೆ ಸೇರಿಸಬೇಡಿ, ಅಲ್ಲಿ ಡಾಕ್ಟರ ಬಿಲ್ಲು ಡಾಲರಿನಲ್ಲಿ ಬರುತ್ತೆ.

ಊರಿಗೆ ಬಂದ ಮೇಲೆ ಸ್ವಲ್ಪ ಡಾಲರ್ ನೋಟು ಉಳಿದಿತ್ತು. ಎರಡು ಸಾವಿರ ಅಮೆರಿಕನ್ ಡಾಲರ್ ಮೌಲ್ಯದ ವಿದೇಶಿ ನೋಟುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಮಾರಿದರೆ ಕೊಂಡ ದರ ಸಿಗಲ್ಲ. ಪಾಸ್‌ಪೋರ್ಟಿನ ಕವರಿನಲ್ಲೇ ಇಟ್ಟಿದ್ದೇನೆ. ಆರ್‌ಡಿ ಮತ್ತೆ ಶುರುವಾಗಿದೆ, ಈ ಸಲ ಟೋಕಿಯೋ ಅಂತ ಮಗಳೇ ಪಾಸ್‌ಬುಕ್ ಮೇಲೆ ಬರೆದಿದ್ದಾಳೆ.