ಇತ್ಲಾಗೆ ದಪ್ಪ, ಅತ್ಲಾಗೆ ಮಾಯ: ಸ್ಟಿಕ್ಕರ್ ಕಟಿಂಗ್ ಅಳತೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಆಲೆಮನೆ ನಡೆಸುವ ಗಿರಾಕಿಯೊಬ್ಬರು ಬೆಲ್ಲದ ಡಬ್ಬಿಗೆಂದು 400 ದುಂಡು ಸ್ಟಿಕ್ಕರ್ ಮಾಡಿಸಿದ್ದರು. 6 ಸೆಂ.ಮೀ. ಅಗಲ, ಸುತ್ತ 1 ಮಿ.ಮೀ. ಹಸಿರು ಬಾರ್ಡರ್. ಮಂಡ್ಯದ ನಮ್ಮ ಅಂಗಡಿಯ ಯಂತ್ರ ಮೊದಲ ಸಾಲುಗಳನ್ನು ಬಳೆಯ ಹಾಗೆ ಕತ್ತರಿಸಿತು. ಕೊನೆಯ ಸಾಲನ್ನು ಕೈಗೆತ್ತಿಕೊಂಡ ಗಿರಾಕಿ, “ಅಣ್ಣೋ, ಇತ್ಲಾಗೆ ಹಸಿರು ದಪ್ಪಗೈತೆ, ಅತ್ಲಾಗೆ ಇಲ್ವೇ ಇಲ್ವಲ್ಲ!” ಅಂದರು. ನಾನು ಗಾಬರಿಯಲ್ಲಿ ಎರಡು ಬ್ಲೇಡ್ ಬದಲಿಸಿದೆ. ಬ್ಲೇಡಿನದು ಏನೂ ತಪ್ಪಿರಲಿಲ್ಲ. ಹಿಂಬದಿಯಲ್ಲಿ ಹೊಸ ರೋಲ್ ಬಿಗಿಯಾಗಿ ಕೂತು ವಿನೈಲನ್ನು, ಅಂದರೆ ಸ್ಟಿಕ್ಕರ್ ಮಾಡುವ ಅಂಟಿನ ಪ್ಲಾಸ್ಟಿಕ್ ಹಾಳೆಯನ್ನು, ಜಗ್ಗುತ್ತಿತ್ತು, ಅಷ್ಟೆ.

ಪ್ರಿಂಟ್ ಮತ್ತು ಕಟ್ ಎರಡನ್ನೂ ಮಾಡುವ ಯಂತ್ರದಲ್ಲಿ ವಿನೈಲ್ ಮುಂದೆ ಸಾಗುತ್ತಾ ಪ್ರಿಂಟ್ ಆಗುತ್ತದೆ. ಆಮೇಲೆ ಹಿಂದಕ್ಕೆ ಸರಿದು ಆರಂಭಕ್ಕೆ ಬರುತ್ತದೆ, ಕಟಿಂಗ್‌ಗೆ ಮತ್ತೆ ಮುಂದೆ ಹೋಗುತ್ತದೆ. ಈ ಓಡಾಟದಲ್ಲಿ ಶೇ 0.1ರಷ್ಟು ಜಾರಿದರೂ 1.3 ಮೀಟರ್ ಉದ್ದದ ಕೆಲಸದ ಕೊನೆಗೆ 1.3 ಮಿ.ಮೀ. ವ್ಯತ್ಯಾಸ ಬರುತ್ತದೆ. ಆ ಹಸಿರು ಬಾರ್ಡರ್ ಇದ್ದದ್ದೇ 1 ಮಿ.ಮೀ.

ಫೈಲ್‌ನಲ್ಲೇ ಶುರು ಮಾಡಿ

ಕಟ್ ಆಗಬೇಕಾದ ಗೆರೆಯನ್ನು ಬೇರೆ ಸ್ಪಾಟ್ ಬಣ್ಣದಲ್ಲಿ, ಅಂದರೆ ಫೈಲ್‌ನಲ್ಲಿ ತನ್ನದೇ ಹೆಸರಿರುವ ಪ್ರತ್ಯೇಕ ಬಣ್ಣದಲ್ಲಿ, ಎಳೆಯಬೇಕು. ರೋಲ್ಯಾಂಡ್ ಕಂಪನಿಯ ಯಂತ್ರವಾದರೆ ಆ ಬಣ್ಣದ ಹೆಸರು ‘ಕಟ್‌ಕಾಂಟೂರ್’. ಇಂಗ್ಲಿಷಿನಲ್ಲಿ ಒಂದೇ ಪದವಾಗಿ, ನಡುವೆ ಜಾಗ ಬಿಡದೆ ಬರೆಯಿರಿ. ಎರಡೂ ‘ಸಿ’ ದೊಡ್ಡಕ್ಷರವಾಗಿರಲಿ. ಇದೊಂದು ತಪ್ಪಿದರೆ ಗೆರೆ ಕಟ್ ಆಗುವ ಬದಲು ಪ್ರಿಂಟ್ ಆಗಿಬಿಡುತ್ತದೆ. ಗೆರೆಯ ದಪ್ಪ 0.25 ಪಾಯಿಂಟ್ ಸಾಕು. ಹಿನ್ನೆಲೆ ಬಣ್ಣವನ್ನು ಗೆರೆಯಿಂದ 2 ಮಿ.ಮೀ. ಹೊರಗೆ ಹರಿಸಿ. ಆಗ ಕಟ್ ಕೊಂಚ ಜಾರಿದರೂ ಬಿಳಿ ಅಂಚು ಕಾಣುವುದಿಲ್ಲ.

ಸಣ್ಣ ಬಾರ್ಡರ್ ಬೇಡ ಎಂದು ಮೈಸೂರಿನ ಡಿಸೈನರ್‌ಗಳಿಗೆ ನಾನು ಹೇಳಿ ಹೇಳಿ ಸೋತಿದ್ದೇನೆ. ಕಂಪ್ಯೂಟರ್ ಪರದೆಯ ಮೇಲೆ ಅದು ಚೆಂದವೇ. ಬೇಕೇ ಬೇಕು ಅಂದರೆ 3 ಮಿ.ಮೀ. ಇಡಿ, ಅರ್ಧ ಮಿ.ಮೀ. ಆಚೀಚೆ ಆದರೂ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ರೋಲ್ ಏರಿಸುವಾಗ ಅವಸರ ಬೇಡ

ಅರ್ಧಕ್ಕಿಂತ ಹೆಚ್ಚು ತಪ್ಪು ಹುಟ್ಟುವುದು ಇಲ್ಲೇ ಎಂಬುದು ನನ್ನ ಅನುಭವ. ಬಿಸಿಲಲ್ಲಿ ಆಟೋದಲ್ಲಿ ಬಂದ ರೋಲನ್ನು ಆಗಲೇ ಯಂತ್ರಕ್ಕೆ ಹಾಕಬೇಡಿ, ಯಂತ್ರವಿರುವ ಕೋಣೆಯಲ್ಲೇ ಒಂದು ದಿನ ಇಡಿ. ಆಷಾಢದ ಜಿಟಿಜಿಟಿ ಮಳೆಯಲ್ಲಿ ವಿನೈಲ್ ಹಿಂಬದಿಯ ಅಂಟಿಗೆ ಹೊದಿಸಿದ ರಿಲೀಸ್ ಪೇಪರ್ ತೇವ ಹೀರಿ ಅಲೆ ಅಲೆಯಾಗುತ್ತದೆ. ಹಾಗಾಗಿ ಬಳಸದ ರೋಲ್‌ಗೆ ಪ್ಲಾಸ್ಟಿಕ್ ಕವರ್ ಹಾಕಿಡಿ.

ವಿನೈಲ್‌ನ ಎರಡೂ ಅಂಚನ್ನು ಮುಂದಕ್ಕೆ ಎಳೆದು ನೇರ ಇದೆಯೇ ನೋಡಿ. ಅದನ್ನು ಮೇಲಿನಿಂದ ಒತ್ತಿ ಹಿಡಿಯುವ ಪಿಂಚ್ ರೋಲರ್‌ಗಳು ಕೆಳಗಿನ ಒರಟು ರೋಲರ್‌ಗಳ ಮೇಲೇ ಕೂರಬೇಕು. ಅರ್ಧ ಒಳಗೆ ಅರ್ಧ ಹೊರಗೆ ಇದ್ದರೆ ಒಂದು ಪಕ್ಕ ಜಾರುತ್ತದೆ. ಆ ಒರಟು ರೋಲರ್‌ನ ಸಂದಿಯಲ್ಲಿ ಅಂಟು, ದೂಳು ಸೇರಿಕೊಂಡಿದ್ದರೆ ಬ್ರಷ್‌ನಿಂದ ಉಜ್ಜಿ. ಈಗ ನಾನು ತಪ್ಪಿದ ಜಾಗ: 50 ಮೀಟರಿನ ತುಂಬು ರೋಲನ್ನು ಯಂತ್ರವೇ ಎಳೆದುಕೊಳ್ಳಲಿ ಎಂದು ಬಿಡಬೇಡಿ. ಕೆಲಸಕ್ಕೆ ಬೇಕಾದಷ್ಟು ಉದ್ದವನ್ನು ಮೊದಲೇ ಬಿಚ್ಚಿ ಹಿಂದೆ ಸಡಿಲವಾಗಿ ಇಳಿಬಿಡಿ. ಒಂದೂವರೆ ಮೀಟರ್ ಮುಂದೆ ಓಡಿಸಿ, ವಾಪಸು ತಂದು, ಅಂಚು ಎಷ್ಟು ಸರಿದಿದೆ ನೋಡಿ. ಸರಿದಿದ್ದರೆ ಬಿಚ್ಚಿ ಮತ್ತೆ ಹಾಕಿ. ಐದು ನಿಮಿಷ ಹೋಗುತ್ತದೆ, ಹೋಗಲಿ.

ಇಂಕ್ ಒಣಗಲಿ

ಸಾಲ್ವೆಂಟ್ ಇಂಕ್ ವಿನೈಲನ್ನು ಮೆದುವಾಗಿಸುತ್ತದೆ, ಹೀಟರ್ ಅದನ್ನು ಹಿಗ್ಗಿಸುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ರೋಲ್ಯಾಂಡ್‌ನ ವರ್ಸಾಕ್ಯಾಮ್ ಯಂತ್ರಗಳ ಕೈಪಿಡಿಯಲ್ಲಿ ಪ್ರಿಂಟ್ ಮತ್ತು ಕಟ್ ನಡುವಿನ ವ್ಯತ್ಯಾಸ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.5 ಮಿ.ಮೀ.ಗಿಂತ ಕಡಿಮೆ ಎಂದಿದೆ. ಜತೆಗೇ ವಿನೈಲ್ ಹಿಗ್ಗುವುದು, ಕುಗ್ಗುವುದು ಈ ಲೆಕ್ಕಕ್ಕೆ ಸೇರಿಲ್ಲ ಎಂಬ ಷರತ್ತೂ ಇದೆ. ರೋಲ್ ಇಳಿಸಿ ಮತ್ತೆ ಏರಿಸಿದರೆ ಅದೇ ಕೈಪಿಡಿ ಹೇಳುವ ಮಿತಿ ವಿನೈಲ್ ಓಡಿದ ಉದ್ದದ ಶೇ 0.5 ಅಥವಾ 3 ಮಿ.ಮೀ., ಯಾವುದು ಹೆಚ್ಚೋ ಅದು. ಹಾಗಾಗಿ ಲ್ಯಾಮಿನೇಷನ್ ಬೇಡದ ಕೆಲಸವನ್ನು ಇಳಿಸದೆಯೇ ಮುಗಿಸಿ. ಪ್ರಿಂಟ್ ಆದ ಮೇಲೆ ಇಂಕ್ ಒಣಗುವವರೆಗೆ ಕಾಯ್ದು ಕಟಿಂಗ್‌ಗೆ ಬಿಡಿ. ಲ್ಯಾಮಿನೇಷನ್ ಬೇಕಿದ್ದರೆ ಸಡಿಲವಾಗಿ ಸುತ್ತಿ, ನಿಲ್ಲಿಸಿ, 24 ಗಂಟೆ ಬಿಡಿ. ಲ್ಯಾಮಿನೇಷನ್ ಫಿಲ್ಮನ್ನು ಜಗ್ಗಿ ಅಂಟಿಸಬೇಡಿ. ಜಗ್ಗಿದ್ದು ಆಮೇಲೆ ಕುಗ್ಗುತ್ತದೆ, ಸ್ಟಿಕ್ಕರ್‌ನ ಅಂಚು ಮೇಲೇಳುತ್ತದೆ.

ಕ್ರಾಪ್ ಮಾರ್ಕ್ ಬಿಡಬೇಡಿ

ಇಳಿಸುವ ಯೋಚನೆ ಇಲ್ಲದಿದ್ದರೂ ನಾಲ್ಕು ಮೂಲೆಗೆ ಕ್ರಾಪ್ ಮಾರ್ಕ್ ಹಾಕಿ; ಯಂತ್ರದ ಸೆನ್ಸರ್ ನೋಡಿ ಜಾಗ ಹಿಡಿಯುವ ಗುರುತು ಅದು. ನಡುವೆ ಕರೆಂಟ್ ಹೋದರೆ ಯಂತ್ರಕ್ಕೆ ಆರಂಭದ ಜಾಗ ಮರೆತುಹೋಗುತ್ತದೆ. ಆಗ ಪ್ರಿಂಟ್ ಆದ ಮಾಲು ಉಳಿಸುವುದು ಈ ಗುರುತುಗಳೇ. ಹೊಳಪಿನ ಲ್ಯಾಮಿನೇಷನ್ ಮೇಲೆ ಸೆನ್ಸರ್ ತಡವರಿಸಿದರೆ ಮಾರ್ಕ್ ಇರುವಲ್ಲಿ ಮಾತ್ರ ಫಿಲ್ಮನ್ನು ಬಿಡಿಸಿ. ಉದ್ದದ ಕೆಲಸವನ್ನು 40-50 ಸೆಂ.ಮೀ. ತುಂಡುಗಳಾಗಿ ಒಡೆದು ಪ್ರತಿ ತುಂಡಿಗೂ ಅದರದೇ ಮಾರ್ಕ್ ಕೊಡಿ. ಆಗ ತಪ್ಪು ಬೆಳೆಯುತ್ತಾ ಹೋಗುವುದಿಲ್ಲ, ಪ್ರತಿ ತುಂಡಿಗೂ ಸೊನ್ನೆಯಿಂದ ಶುರು.

ಬ್ಲೇಡಿನ ವಿಷಯ ಚುಟುಕಾಗಿ: ವಿನೈಲ್ ಪೂರ್ತಿ ಕಟ್ ಆಗಿ ರಿಲೀಸ್ ಪೇಪರ್ ಮೇಲೆ ತೆಳ್ಳಗೆ ಗೀರು ಬಿದ್ದರೆ ಸಾಕು. ಪ್ರತಿ ಹೊಸ ರೋಲ್‌ಗೂ ಟೆಸ್ಟ್ ಕಟ್ ಮಾಡಿ.

ತಪ್ಪಾಗಿದ್ದರೆ ಮೊದಲು ಓದಿ

ಸೆಟ್ಟಿಂಗ್ ಮುಟ್ಟುವ ಮೊದಲು ಹಾಳಾದ ಹಾಳೆಯನ್ನು ಮೇಜಿನ ಮೇಲೆ ಹರಡಿ. ಎಲ್ಲ ಸ್ಟಿಕ್ಕರ್‌ಗಳಲ್ಲೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಸರಿದಿದ್ದರೆ ಕ್ಯಾಲಿಬ್ರೇಷನ್, ಅಂದರೆ ಪ್ರಿಂಟ್‌ಗೂ ಕಟ್‌ಗೂ ಇರುವ ಹೊಂದಾಣಿಕೆ, ತಪ್ಪಿದೆ ಎಂದರ್ಥ. ಯಂತ್ರದ ಟೆಸ್ಟ್ ಪ್ಯಾಟರ್ನ್ ಪ್ರಿಂಟ್ ಮಾಡಿ ಕತ್ತರಿಸಿ, ಭೂತಗನ್ನಡಿಯಲ್ಲಿ ನೋಡಿ, ಉದ್ದ ಮತ್ತು ಅಡ್ಡದ ಅಂಕಿಗಳನ್ನು 0.1 ಮಿ.ಮೀ.ನಂತೆ ತಿದ್ದಿ. ಸಾಲಿನಿಂದ ಸಾಲಿಗೆ ತಪ್ಪು ಹೆಚ್ಚುತ್ತಿದ್ದರೆ ಅಂಕಿ ಮುಟ್ಟಬೇಡಿ; ಅದು ರೋಲ್ ಜಗ್ಗಿದ್ದು ಅಥವಾ ವಿನೈಲ್ ಕುಗ್ಗಿದ್ದು. ಎಡ ಅಂಚಿನಲ್ಲಿ ಮೇಲೆ, ಬಲ ಅಂಚಿನಲ್ಲಿ ಕೆಳಗೆ ಸರಿದಿದ್ದರೆ ಹಾಳೆ ಓರೆಯಾಗಿ ಓಡಿದೆ. ಶುರುವಾದಲ್ಲಿಗೇ ಗೆರೆ ಬಂದು ಕೂಡದಿದ್ದರೆ, ಮೂಲೆ ಉರುಟಾಗಿದ್ದರೆ ಮಾತ್ರ ಬ್ಲೇಡನ್ನು ಅನುಮಾನಿಸಿ: ಬ್ಲೇಡಿನ ಮೊನೆ ಅದರ ನಡುವಿನಿಂದ ಸರಿದಿರುವ ಅಳತೆ, ಅಂದರೆ ಆಫ್‌ಸೆಟ್, ಸಾಮಾನ್ಯವಾಗಿ 0.25 ಮಿ.ಮೀ. ಇರುತ್ತದೆ, ಆ ಸೆಟ್ಟಿಂಗ್ ತಪ್ಪಿರಬಹುದು; ಇಲ್ಲವೇ ಹೋಲ್ಡರ್‌ನೊಳಗೆ ವಿನೈಲ್ ಚೂರು ಸಿಕ್ಕಿಕೊಂಡು ಬ್ಲೇಡ್ ತಿರುಗದೆ ಇರಬಹುದು.

ಬೆಲ್ಲದ ಸ್ಟಿಕ್ಕರನ್ನು ಮರುದಿನ ಮೂರು ತುಂಡು ಮಾಡಿ, ಬಾರ್ಡರನ್ನು 3 ಮಿ.ಮೀ.ಗೆ ಏರಿಸಿ ಮತ್ತೆ ಹೊಡೆದೆ. ಒಯ್ಯಲು ಬಂದ ಗಿರಾಕಿಯ ಜೇಬಿನಲ್ಲಿ ಮಗನ ಸ್ಕೇಲ್ ಇತ್ತು.