ಉಣಿಸಲು ಕಲಿಸುವ ಮುಂಚೆ ಅವರಿಗೇ ಉಣಿಸಿ

ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರನ್ನು ನೋಡಿಕೊಳ್ಳಲು ಹೊಸಬರು ಬಂದರೆ, ಮೊದಲು ಆ ಹೊಸಬರನ್ನೇ ಕೂರಿಸಿ ನೀವು ನಾಲ್ಕು ತುತ್ತು ಉಣಿಸಿ. ಎರಡು ತುತ್ತು ಪಕ್ಕದಲ್ಲಿ ನಿಂತು, ಮಾತಾಡದೆ, ಬೇಗ ಬೇಗ. ಇನ್ನೆರಡು ಎದುರಿಗೆ ಕೂತು, ಏನು ಕೊಡುತ್ತಿದ್ದೀರಿ ಅಂತ ಹೇಳಿ, ನುಂಗುವ ತನಕ ಕಾದು. ಅವಸರ ಎಷ್ಟು ಗಾಬರಿ ಹುಟ್ಟಿಸುತ್ತದೆ ಅಂತ ಅವರ ಮೈಗೇ ಗೊತ್ತಾಗುತ್ತದೆ. ಬರೀ ಬಾಯಲ್ಲಿ ಹೇಳಿದ್ದಕ್ಕಿಂತ ಇದೇ ಜಾಸ್ತಿ ನೆನಪಿರುತ್ತದೆ. ನಮ್ಮ ರಾಯಚೂರು ಕಡೆ ರೊಟ್ಟಿ ಇಲ್ಲದಿದ್ದರೆ ಅಜ್ಜಿಯಂದಿರಿಗೆ ಊಟವಾದಂತೆಯೇ ಅಲ್ಲ, ಅಲ್ವಾ? ಖಡಕ್ ರೊಟ್ಟಿ ಬೇಡ, ಮೆತ್ತನೆಯದನ್ನು ಬೇಳೆಯಲ್ಲಿ ಚೆನ್ನಾಗಿ ನೆನೆಸಿ ಕೊಡಲು ಹೇಳಿ. ಉಣ್ಣುವಾಗ ಪದೇ ಪದೇ ಕೆಮ್ಮು ಬಂದರೆ, ಧ್ವನಿ ಗೊರಗೊರ ಎಂದರೆ ಈ ಉಪಾಯ ಸಾಲದು. ನುಂಗುವುದೇ ಕಷ್ಟವಾಗಿರಬಹುದು. ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.