ಬೆಳ್ಳಿ ಕೊಳಲು ಕಪ್ಪಾದರೆ ಉಜ್ಜಲು ಹೋಗಬೇಡಿ

ಮನೆಯಲ್ಲಿ ಬೆಳ್ಳಿ ಲೋಟ ಕಪ್ಪಾದರೆ ಏನು ಮಾಡುತ್ತೇವೆ? ಪುಡಿ ಹಾಕಿ ಗಸಗಸನೆ ತಿಕ್ಕಿ, ತೊಳೆದು, ಒರೆಸಿ ಇಡುತ್ತೇವೆ. ಅದೇ ರೂಢಿ ಬಿದ್ದ ಕೈ ಬೆಳ್ಳಿ ಕೊಳಲಿನ ಮೇಲೂ ಹೋಗುತ್ತದೆ. ನಾನು ಹೇಳುತ್ತಿರುವುದು ಉದ್ದಕ್ಕೂ ಕೀಗಳಿರುವ ಲೋಹದ ಕೊಳಲು, ಫ್ಲೂಟ್ ಅಂತೀವಲ್ಲ, ಅದರ ವಿಷಯ.

ನನ್ನ ಕೈಯೂ ಒಮ್ಮೆ ಹಾಗೇ ಹೋಗಿತ್ತು. ಮಗಳಿಗೆ ಮಾರನೇ ದಿನ ಕಾರ್ಯಕ್ರಮ. ಕೊಳಲು ಪಳಪಳ ಹೊಳೆಯಲಿ ಎಂದು, ಅವಳು ಮಲಗಿದ ಮೇಲೆ ಬೆಳ್ಳಿ ಪಾಲಿಶ್ ಹಚ್ಚಿ ಚೆನ್ನಾಗಿ ಉಜ್ಜಿದೆ. ಬೆಳಿಗ್ಗೆ ಅದು ಹೊಳೆಯುತ್ತಿತ್ತು ನಿಜ. ಆದರೆ ನಾಲ್ಕು ಕೀಗಳು ಒತ್ತಿದರೆ ಮೇಲೇಳಲಿಲ್ಲ. ಪಾಲಿಶ್ ಸಂದಿಗಳಿಗೆ ಇಳಿದು ಒಣಗಿತ್ತು. ಕೀಗಳ ಕೆಳಗೆ ತೂತು ಮುಚ್ಚುವ ಮೆತ್ತೆ, ಅಂದರೆ ಪ್ಯಾಡುಗಳೂ ಕೆಟ್ಟಿದ್ದವು. ಅವಳ ಅವತ್ತಿನ ಮುಖ ನನಗೆ ಇನ್ನೂ ಮರೆತಿಲ್ಲ. ಆಮೇಲೆ ರಿಪೇರಿ ಮಾಡುವವರ ಹತ್ತಿರ ಕೂತು ಒಂದೊಂದೇ ಕೇಳಿ ತಿಳಿದುಕೊಂಡೆ. ಈಗ ಮೊಮ್ಮಗಳ ಕೊಳಲನ್ನೂ ನಾನೇ ನೋಡಿಕೊಳ್ಳುತ್ತೇನೆ.

ಮೊದಲು ಹೆದರಿಕೆ ಬಿಡಿ. ಗಾಳಿಯಲ್ಲಿ, ಬೆವರಿನಲ್ಲಿ ಇರುವ ಗಂಧಕದ ಅಂಶ ತಾಗಿದರೆ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಎಂಬ ತೆಳುವಾದ ಪದರ ಕೂರುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ಕಬ್ಬಿಣದ ತುಕ್ಕಿನ ಹಾಗೆ ಅದು ಲೋಹವನ್ನು ತಿಂದು ಹಾಕುವುದಿಲ್ಲ. ನಾದವನ್ನೂ ಕೆಡಿಸುವುದಿಲ್ಲ. ಕೆಲವರ ಕೈ ಬೆವರಿಗೆ ವಾರದಲ್ಲೇ ಕಪ್ಪಾಗುತ್ತದೆ, ಕೆಲವರಿಗೆ ವರ್ಷವಾದರೂ ಆಗುವುದಿಲ್ಲ. ಅದು ಮಕ್ಕಳ ತಪ್ಪಲ್ಲ, ಬೈಯಬೇಡಿ.

ಕಪ್ಪಿಗಿಂತ ಉಜ್ಜುವುದರಿಂದಲೇ ಹಾನಿ ಜಾಸ್ತಿ. ಕಲಿಯುವವರ ಕೊಳಲಿಗೆ ಬಹಳ ಸಲ ಬೆಳ್ಳಿ ಲೇಪ ಮಾತ್ರ ಇರುತ್ತದೆ. ಒಳಗಿರುವುದು ತಾಮ್ರ, ನಿಕಲ್, ಸತು ಬೆರೆತ ಲೋಹ. ಅದನ್ನು ಜರ್ಮನ್ ಸಿಲ್ವರ್ ಅಂತ ಕರೆದರೂ ಅದರಲ್ಲಿ ಬೆಳ್ಳಿ ಇರುವುದಿಲ್ಲ. ಪ್ರತಿ ಸಲ ಪಾಲಿಶ್ ಹಾಕಿದಾಗಲೂ ಮೇಲಿನ ಲೇಪ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಒಳಗಿನ ಲೋಹ ಕಾಣಿಸಿಕೊಂಡಿತೋ, ಮತ್ತೆ ಎಷ್ಟು ಉಜ್ಜಿದರೂ ಅಲ್ಲಿ ಬೆಳ್ಳಿ ಬರುವುದಿಲ್ಲ. 925 ಎಂಬ ಗುರುತು ಇದ್ದರೆ ಅದು ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಇದರಲ್ಲಿ ಲೇಪ ಹೋಗುವ ಭಯವಿಲ್ಲ. ಆದರೂ ಟೂತ್‌ಪೇಸ್ಟ್, ಪುಡಿ ಯಾವುದೂ ಬೇಡ, ಸಣ್ಣ ಸಣ್ಣ ಗೀರು ಬೀಳುತ್ತವೆ.

ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡ, ಬಿಸಿನೀರು ಹಾಕಿದರೆ ಕಪ್ಪು ತಾನೇ ಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಚಮಚಕ್ಕೆ ಅದು ಸರಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ. ಕೊಳಲನ್ನು ಮಾತ್ರ ನೀರಿಗೆ ಹಾಕಬೇಡಿ. ಕೀಗಳ ಕೆಳಗಿನ ಪ್ಯಾಡು ಉಣ್ಣೆಯ ಫೆಲ್ಟ್, ಅದರ ಮೇಲೆ ತೀರಾ ತೆಳುವಾದ ಪೊರೆ. ನೀರು ಕುಡಿದರೆ ಉಬ್ಬುತ್ತದೆ. ಆಮೇಲೆ ಗಾಳಿ ಸೋರುತ್ತದೆ, ಸ್ವರ ಸರಿಯಾಗಿ ಬರುವುದಿಲ್ಲ. ಸೂಜಿಯಂಥ ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ. ಕೀಗಳನ್ನು ಹಿಡಿದಿರುವ ಕಡ್ಡಿಗಳ ಒಳಗಿನ ಎಣ್ಣೆ ತೊಳೆದು ಹೋಗುತ್ತದೆ. ತುಟಿ ಇಟ್ಟು ಊದುವ ತಲೆ ಭಾಗದಲ್ಲಿ ಕೀ ಇಲ್ಲವಲ್ಲ, ಅದನ್ನಾದರೂ ನೆನೆಸಬಹುದಾ? ಅದರೊಳಗೆ ಕಾರ್ಕ್ ಇದೆ. ಬೇಡ.

ಹಾಗಾದರೆ ಮಾಡಬೇಕಾದ್ದು ಏನು? ದಿನಾ ಒರೆಸುವುದು, ಅಷ್ಟೇ. ನುಡಿಸುವ ಮೊದಲು ಕೈ ತೊಳೆದು ಒರೆಸಿಕೊಳ್ಳಲಿ, ಬಾಯಿ ಮುಕ್ಕಳಿಸಲಿ. ಸಿಹಿ ತಿಂದ ಬಾಯಲ್ಲಿ ಊದಿದರೆ ಪ್ಯಾಡು ಅಂಟುತ್ತದೆ. ನುಡಿಸಿ ಮುಗಿದ ಮೇಲೆ ಮೂರು ಭಾಗ ಬಿಚ್ಚಿ, ಒರೆಸುವ ಕಡ್ಡಿಗೆ ತೆಳು ಹತ್ತಿ ಬಟ್ಟೆ ಸಿಕ್ಕಿಸಿ ಒಳಗಿನ ತೇವ ತೆಗೆಯಿರಿ. ಕಡ್ಡಿಯ ತುದಿಯನ್ನೂ ಬಟ್ಟೆಯಿಂದ ಮುಚ್ಚಿ, ಇಲ್ಲದಿದ್ದರೆ ಒಳಗೆ ಗೀರುತ್ತದೆ. ಒಂದಕ್ಕೊಂದು ಸೇರುವ ಕಡೆ ಒಣ ಬಟ್ಟೆಯಿಂದ ಒರೆಸಿ. ಬಿಗಿಯಾಯಿತು ಎಂದು ಎಣ್ಣೆ ಹಚ್ಚಬೇಡಿ, ಕೊಳೆ ಅಂಟಿ ಇನ್ನೂ ಬಿಗಿಯಾಗುತ್ತದೆ.

ಹೊರಗೆ ಒರೆಸಲು ಬೇರೆ ಬಟ್ಟೆ ಇಡಿ. ಮೆತ್ತಗಿರಬೇಕು, ಒಣಗಿರಬೇಕು. ಕೀ ಇಲ್ಲದ ಜಾಗದಲ್ಲಿ ಹಿಡಿದು, ಬೆರಳಚ್ಚು ಹೋಗುವಷ್ಟು ಹಗುರವಾಗಿ ಒರೆಸಿದರೆ ಸಾಕು. ಕೀಗಳ ಸಂದಿಗೆ ಬಟ್ಟೆ ತುರುಕಬೇಡಿ, ಸ್ಪ್ರಿಂಗಿಗೆ ಸಿಕ್ಕಿಕೊಂಡರೆ ಅದು ಕಳಚುತ್ತದೆ. ಅಲ್ಲಿ ಧೂಳು ಕೂತಿದ್ದರೆ ಮೃದುವಾದ ಒಣ ಬ್ರಷ್‌ನಿಂದ ಸುಮ್ನೆ ಸವರಿ. ಕಪ್ಪು ಕಂಡರೆ ಬಿಟ್ಟುಬಿಡಿ.

ಇಷ್ಟು ಹೇಳಿದರೂ ಕೆಲವರಿಗೆ ಹೊಳಪು ಬೇಕೇ ಬೇಕು. ಆಯಿತು. ಬೆಳ್ಳಿ ಒರೆಸಲೆಂದೇ ಮದ್ದು ಸೇರಿಸಿದ ಬಟ್ಟೆ ಸಿಗುತ್ತದೆ. ವರ್ಷಕ್ಕೆ ಒಂದೆರಡು ಸಲ, ತಲೆ ಭಾಗದ ಬರಿ ಕೊಳವೆಯ ಮೇಲೆ ಮಾತ್ರ ಅದನ್ನು ಆಡಿಸಿ. ಕೀಗಳ ಹತ್ತಿರ ತರಬೇಡಿ. ತುಟಿ ಇಡುವ ಜಾಗಕ್ಕೆ ಮದ್ದಿನ ಬಟ್ಟೆ ಬೇಡ. ಬಟ್ಟೆಯ ತುದಿಯನ್ನು ಚೂರೇ ಒದ್ದೆ ಮಾಡಿ ಒರೆಸಿ, ತಕ್ಷಣ ಒಣಗಿಸಿ.

ಪೆಟ್ಟಿಗೆಯ ಕಡೆ ಜನ ಗಮನವೇ ಕೊಡುವುದಿಲ್ಲ. ನೀರು ಹೀರಿದ ಒದ್ದೆ ಬಟ್ಟೆಯನ್ನು ಅದರೊಳಗೇ ಮುಚ್ಚಿಡುತ್ತಾರೆ. ಆ ತೇವವೆಲ್ಲ ಮತ್ತೆ ಕೊಳಲಿಗೇ, ಅಲ್ವಾ? ಅದನ್ನು ಹೊರಗೆ ಹರಡಿ. ರಬ್ಬರ್ ಬ್ಯಾಂಡ್‌ನಲ್ಲಿ ಗಂಧಕ ಇರುತ್ತದೆ, ಒಂದೂ ಒಳಗಿರಬಾರದು. ಉಣ್ಣೆ ಬಟ್ಟೆಯಲ್ಲೂ ಸುತ್ತಬೇಡಿ. ಬೆಳ್ಳಿ ಕಪ್ಪಾಗದಂತೆ ಇಡುವ ಪಟ್ಟಿಗಳು ಸಿಗುತ್ತವೆ, ಗಂಧಕದ ಅನಿಲವನ್ನು ಹೀರಿಕೊಳ್ಳುವ ಕಾಗದ. ಒಂದೆರಡು ತುಂಡು ಕತ್ತರಿಸಿ ಪೆಟ್ಟಿಗೆಯ ಮೂಲೆಯಲ್ಲಿಡಿ. ಸುಮಾರು ಆರು ತಿಂಗಳಿಗೆ ಬದಲಿಸಿ. ಹಾಕಿದ ತಿಂಗಳನ್ನು ನಾನು ಪಟ್ಟಿಯ ಹಿಂದೆಯೇ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಪಟ್ಟಿ ಇಟ್ಟು ಪೆಟ್ಟಿಗೆ ತೆರೆದಿಟ್ಟರೆ ಪ್ರಯೋಜನವಿಲ್ಲ. ನುಡಿಸದ ಹೊತ್ತಿನಲ್ಲಿ ಮುಚ್ಚಿಯೇ ಇರಲಿ.

ಕೀಗಳ ಕೆಳಗಿನ ಕಪ್ಪನ್ನು ತೆಗೆಸಲೇಬೇಕು ಅನ್ನಿಸಿದರೆ ವರ್ಷಕ್ಕೊಮ್ಮೆ ರಿಪೇರಿಗೆ ಕೊಟ್ಟಾಗ ಹೇಳಿ. ಅವರು ಕೀಗಳನ್ನೆಲ್ಲ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಪ್ಯಾಡು ಸರಿ ಕೂತಿದೆಯಾ ನೋಡಿ ಜೋಡಿಸುತ್ತಾರೆ. ಲೇಪದ ಕೊಳಲಾದರೆ ಕೈಯಿಂದಲೇ ಒರೆಸಿ, ಪಾಲಿಶ್ ಯಂತ್ರಕ್ಕೆ ಹಿಡಿಯಬೇಡಿ ಎಂದು ಕೊಡುವಾಗಲೇ ಹೇಳಿಬಿಡಿ.